ಕ್ಲಬ್‌ಹೌಸಿನ ಪುಕ್ಕಟೆ ಪೇಪರು

ಉತ್ತರ ಕೆರೊಲಿನಾದ ಸಾರ್ವಜನಿಕ ಗಾಲ್ಫ್ ಮೈದಾನಗಳಲ್ಲಿ ದುಡ್ಡು ಕಟ್ಟುವ ಕೌಂಟರಿನ ಮೇಲೆ, ಮೋಟು ಪೆನ್ಸಿಲುಗಳ ಡಬ್ಬಿಯ ಪಕ್ಕ, ಒಂದು ಕಟ್ಟು ಪೇಪರು ಬಿದ್ದಿರುತ್ತದೆ. ಬೆಲೆಯಿಲ್ಲ. ಒಳಗಿರುವುದು ಈ ಸೀಮೆಯ ಗಾಲ್ಫ್ ಸುದ್ದಿ ಮಾತ್ರ. ಕ್ಯಾರಿಯಲ್ಲಿ ನೆಲೆಸಿದ ಮೇಲೆ ನನಗೆ ಗಾಲ್ಫಿನ ಹುಚ್ಚು ಹತ್ತಿತು. ಅದಕ್ಕಿಂತ ಜೋರಾಗಿ ಹತ್ತಿದ್ದು ಈ ಪೇಪರಿನ ಹುಚ್ಚು. ಆಟ ಕೈಕೊಟ್ಟ ದಿನವೂ ಪೇಪರು ಕೈಕೊಡುವುದಿಲ್ಲ.

ಓದುವುದು ಹಿಂದಿನ ಪುಟದಿಂದ. ಹೋಲ್-ಇನ್-ಒನ್, ಅಂದರೆ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಸೇರಿಸಿದವರ ಪಟ್ಟಿ ಇರುವುದು ಅಲ್ಲೇ: ಹೊಡೆದವರ ಹೆಸರು, ಎಷ್ಟನೇ ಹೋಲು, ಎಷ್ಟು ಗಜ, ಯಾವ ಕ್ಲಬ್ಬು, ಕಣ್ಣಾರೆ ಕಂಡವರು ಯಾರು. ನನ್ನಂಥ ಆಟಗಾರನಿಗೆ ಆ ಭಾಗ್ಯ ಗಿಡ್ಡ ಹೋಲುಗಳಲ್ಲಿ ಸುಮಾರು 12,500 ಮೊದಲ ಹೊಡೆತಕ್ಕೊಮ್ಮೆ ಎಂದು ಲೆಕ್ಕ ಹೇಳುತ್ತಾರೆ. ಒಲಿದವನು ಕ್ಲಬ್‌ಹೌಸಿನಲ್ಲಿದ್ದವರಿಗೆಲ್ಲ ಕುಡಿಸಬೇಕೆಂಬ ರೂಢಿ ಬೇರೆ. ಗೆದ್ದವನೇ ದಂಡ ತೆರುವ ಆಟ ಇನ್ನೆಲ್ಲಿದೆ? ಪಕ್ಕದಲ್ಲೇ ತಮ್ಮ ವಯಸ್ಸಿನಷ್ಟೇ ಹೊಡೆತಗಳಲ್ಲಿ 18 ಹೋಲು ಮುಗಿಸಿದ ಹಿರಿಯರು. ವರ್ಷ ಕಳೆದಷ್ಟೂ ಸುಲಭವಾಗುವ ದಾಖಲೆ ಇದೊಂದೇ ಇರಬೇಕು, ಮೊಣಕಾಲು ಒಪ್ಪಿದರೆ.

ಪೇಪರಿಗೆ ಅನ್ನ ಹಾಕುವುದು ಜಾಹೀರಾತು. ಮರ್ಟಲ್ ಬೀಚಿನಲ್ಲಿ ಮೂರು ರಾತ್ರಿ, ಮೂರು ರೌಂಡು, ಬೆಳಗಿನ ತಿಂಡಿ ಸೇರಿ ಇಷ್ಟು ಡಾಲರ್ ಎಂಬುದನ್ನು ನಾನು ವರದಿಗಳಷ್ಟೇ ಶ್ರದ್ಧೆಯಿಂದ ಓದುತ್ತೇನೆ. ಜಾಹೀರಾತು ಕೊಡುವವರಲ್ಲಿ ಮೈದಾನಗಳೂ ಇರುವುದರಿಂದ ಪೇಪರು ಯಾವ ಮೈದಾನವನ್ನೂ ಬೈಯುವುದಿಲ್ಲ. ಹುಲ್ಲು ಚೇತರಿಸಿಕೊಳ್ಳುತ್ತಿದೆ ಎಂದು ಬರೆದಿದ್ದರೆ, ಗ್ರೀನು, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು, ಬೋಳಾಗಿದೆ ಎಂದು ನಾವೇ ತಿಳಿದುಕೊಳ್ಳಬೇಕು.

2024ರಲ್ಲಿ ಯುಎಸ್ ಓಪನ್ ಗಾಲ್ಫ್ ಪಂದ್ಯಾವಳಿ ನಮ್ಮ ಪೈನ್‌ಹರ್ಸ್ಟಿಗೇ ಬಂದಿತ್ತು. ಆಟಗಾರ ಡಿಶಾಂಬೊ ಕೊನೆಯ ಹೋಲಿನ ಮರಳುಗುಂಡಿಯಿಂದ ಹೊಡೆದು ಗೆದ್ದದ್ದನ್ನು ಲೋಕವೆಲ್ಲ ಟೀವಿಯಲ್ಲಿ ನೋಡಿತು. ಆದರೆ ಈ ಪೇಪರಿನ ಖಾಯಂ ಓದುಗರು, ಅಂದರೆ ನಿವೃತ್ತ ಮೇಷ್ಟ್ರು, ರಾತ್ರಿ ಪಾಳಿ ಮುಗಿಸಿ ಬಂದ ನರ್ಸು, ಲಾರಿ ಓಡಿಸುವವರು, ಮೊದಲು ಹುಡುಕುವುದು ಯಾವ ಮೈದಾನದಲ್ಲಿ ಯಾವಾಗ ಗ್ರೀನಿಗೆ ತೂತು ಕೊರೆದು ಮರಳು ತುಂಬುತ್ತಾರೆ ಎಂಬುದನ್ನು. ಆ ವಾರ ಚೆಂಡು ನೆಟ್ಟಗೆ ಉರುಳದು, ಅತ್ತ ತಲೆ ಹಾಕಬಾರದಲ್ಲ!

ಇಂಥದೊಂದು ಪುಟದಲ್ಲೇ ನಾನು ಗ್ರೀನ್ಸ್‌ಬರೊದ ಗಿಲೆಸ್ಪಿ ಪಾರ್ಕಿನ ಕತೆ ಓದಿದ್ದು. ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ ಮೈದಾನ, ಆಡಲು ಬಿಳಿಯರಿಗೆ ಮಾತ್ರ ಬಿಡುತ್ತಿದ್ದರು. 1955ರ ಡಿಸೆಂಬರ್ 7ರಂದು ಜಾರ್ಜ್ ಸಿಮ್ಕಿನ್ಸ್ ಎಂಬ ಕಪ್ಪು ದಂತವೈದ್ಯರೂ ಐವರು ಗೆಳೆಯರೂ ತಲಾ 75 ಸೆಂಟು ಕೌಂಟರಿನ ಮೇಲಿಟ್ಟು ಆಡಲು ನಡೆದೇಬಿಟ್ಟರು. ಅಂದೇ ಅವರ ಬಂಧನವಾಯಿತು, ಅತಿಕ್ರಮ ಪ್ರವೇಶದ ಆರೋಪದ ಮೇಲೆ. ಎಲ್ಲರಿಗೂ ತೆರೆಯಿರಿ ಎಂದು 1957ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಆ ಆದೇಶ ಜಾರಿಯಾಗುವ ಮೊದಲೇ ಕ್ಲಬ್‌ಹೌಸು ಸುಟ್ಟುಹೋಯಿತು. ಊರಿನ ಆಡಳಿತ ಮೈದಾನವನ್ನೇ ಮುಚ್ಚಿತು. ಮತ್ತೆ ತೆರೆದದ್ದು 1962ರಲ್ಲಿ, ಅದೇ ಡಿಸೆಂಬರ್ 7ರಂದು. ಮೊದಲ ಚೆಂಡು ಹೊಡೆದವರು ಸಿಮ್ಕಿನ್ಸ್.

ಪೇಪರನ್ನು ಗೆಳೆಯನ ಮುಂದೆ ಹಿಡಿದೆ. ಹಾಸನದ ಕಡೆಯವನು, ನಾನು ಇದನ್ನು ಮಡಚಿ ಮನೆಗೆ ಒಯ್ಯುವುದನ್ನು ಕಂಡಾಗಲೆಲ್ಲ ನಗುವವನು. ನಿಂತಲ್ಲೇ ಪೂರ್ತಿ ಓದಿದ.

“ಎಷ್ಟು ದೂರನಯ್ಯಾ ಗ್ರೀನ್ಸ್‌ಬರೊ?”

“ಒಂದು ಗಂಟೆ, ಸ್ವಲ್ಪ ಹೆಚ್ಚು.”

ಶನಿವಾರಕ್ಕೆ ನಾಲ್ಕು ಜನರ ಹೆಸರು ಬರೆಸಿದ್ದೇವೆ.