ಅಗಸಿ ಎಣ್ಣೆ ಕಮಟುವುದಕ್ಕೂ ಲಿವರ್ ಕಸಿಗೂ ಏನು ಸಂಬಂಧ?

ಗ್ರೀನ್ ಕಾರಿಡಾರ್ ಸುದ್ದಿಯನ್ನು ನೀವೂ ಓದಿರುತ್ತೀರಿ. ಪೊಲೀಸರು ರಸ್ತೆ ತೆರವು ಮಾಡಿದರು, ಆಂಬುಲೆನ್ಸ್ ಇಷ್ಟು ನಿಮಿಷದಲ್ಲಿ ತಲುಪಿತು, ಲಿವರ್ ಇನ್ನೊಂದು ಆಸ್ಪತ್ರೆ ಸೇರಿತು. ನಾನೂ ಅಂಥ ಸುದ್ದಿ ಕಳಿಸಿದ್ದೇನೆ. ಡೆಸ್ಕಿನವರು ಕೇಳುವುದು ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ ಅಂತ. ಐಸ್ ಪೆಟ್ಟಿಗೆಯಲ್ಲಿರುವ ಲಿವರ್‌ಗೆ ಅಷ್ಟು ಅವಸರ ಯಾಕೆ ಅನ್ನುವುದು ಸುದ್ದಿಯಲ್ಲಿ ಬರುವುದಿಲ್ಲ. ನನಗೆ ಅದು ಅರ್ಥವಾದದ್ದು ನಮ್ಮ ಮನೆಯಲ್ಲೇ ಒಬ್ಬರಿಗೆ ಲಿವರ್ ಕಸಿ ಮಾಡಬೇಕಾಗಿ ಬಂದಾಗ.

ಅವರು ನನ್ನ ಸೋದರಮಾವ. ಹೆಪಟೈಟಿಸ್ ಬಿ ವೈರಸ್‌ನಿಂದ ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ಹೆಂಡ ಮುಟ್ಟದ ಮನುಷ್ಯ. ಆದರೂ ಊರಲ್ಲಿ ‘ಕದ್ದು ಕುಡೀತಿದ್ದ ಕಾಣ್ತದ’ ಅಂದವರಿದ್ದರು. ಮಾವನ ದೊಡ್ಡ ಮಗ ಲಿವರ್ ಕೊಡಲು ಮುಂದೆ ಬಂದ. ವಯಸ್ಸು 31. ರಕ್ತದ ಗುಂಪು ಹೊಂದಿತು, ವೈರಸ್ ಇರಲಿಲ್ಲ. ಆದರೆ ಸ್ಕ್ಯಾನ್ ನೋಡಿದ ಡಾಕ್ಟರು, “ನಿಮ್ಮ ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಇದೆ. ತೂಕ ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ” ಅಂದರು.

ಹೊರಗೆ ಬಂದವನೇ ಅವನು ನನ್ನ ಕೈ ಹಿಡಿದು ಕೇಳಿದ: “ಅಪ್ಪ ಸಾಯಾಕತ್ಯಾನ, ನಾ ವಾಕಿಂಗ್ ಮಾಡ್ಕೋತ ಕುಂದ್ರಲೇನಣ್ಣಾ?”

ಅವನ ಸಿಟ್ಟು ಸಹಜವೇ. ಆದರೆ ಡಾಕ್ಟರು ಹೇಳಿದ್ದರಲ್ಲೂ ಕಾರಣವಿತ್ತು. ಆ ಕಾರಣ ನಮ್ಮ ಅಡುಗೆಮನೆಯ ಒಂದು ಸಂಗತಿಗೆ ಹತ್ತಿರದ್ದು.

ಅಗಸಿ ಪುಡಿ ಹಳತಾದರೆ ಕಮಟು ವಾಸನೆ ಬರುತ್ತದೆ. ಅಗಸಿಯಲ್ಲಿ ಒಮೆಗಾ-3 ಅನ್ನುವ ಕೊಬ್ಬಿನ ಆಮ್ಲ ಬಹಳ. ಗಾಳಿಯ ಆಮ್ಲಜನಕ ತಾಗಿದರೆ ಈ ಜಾತಿಯ ಕೊಬ್ಬು ಬೇಗ ಕೆಡುತ್ತದೆ. ಬಾಗಿಲಿಗೆ ಸವರಿದ ಅಗಸಿ ಎಣ್ಣೆ ಒಣಗಿ ಗಟ್ಟಿ ಪದರ ಆಗುವುದೂ ಆಮ್ಲಜನಕದಿಂದಲೇ. ನಮ್ಮ ಮೈಯ ಪ್ರತಿ ಜೀವಕೋಶದ ಹೊರಪೊರೆಯಲ್ಲೂ ಇಂಥ ಕೊಬ್ಬಿನ ಆಮ್ಲಗಳಿವೆ. ಮೈ ನೆಟ್ಟಗಿದ್ದಾಗ ವಿಟಮಿನ್ ಇ, ಗ್ಲುಟಾಥಿಯೋನ್ ಮುಂತಾದವು ಅವನ್ನು ಕಾಯುತ್ತವೆ.

ಕಸಿ ಮಾಡುವಾಗ ಈ ಕಾವಲು ಸೋಲಬಹುದು. ದಾನಿಯಿಂದ ತೆಗೆದ ಲಿವರ್‌ಗೆ ರಕ್ತ ಇರುವುದಿಲ್ಲ, ಆಮ್ಲಜನಕವೂ ಇರುವುದಿಲ್ಲ. ಅದಕ್ಕೇ ಸುಮಾರು 4 ಡಿಗ್ರಿ ತಣ್ಣಗಿನ ದ್ರಾವಣದಲ್ಲಿಡುತ್ತಾರೆ. ತಂಪಿನಲ್ಲಿ ಜೀವಕೋಶದ ಕೆಲಸ ನಿಧಾನವಾಗುತ್ತದೆಯೇ ಹೊರತು ಪೂರಾ ನಿಲ್ಲುವುದಿಲ್ಲ. ಶಕ್ತಿ ಮುಗಿಯುತ್ತಾ ಹೋಗುತ್ತದೆ, ಬೇಡದ ವಸ್ತುಗಳು ಒಳಗೇ ಕೂಡುತ್ತವೆ. ರೋಗಿಯ ಹೊಟ್ಟೆಯಲ್ಲಿ ಲಿವರ್ ಜೋಡಿಸಿ ರಕ್ತ ಬಿಟ್ಟ ಕೂಡಲೇ ಆಮ್ಲಜನಕ ಒಮ್ಮೆಲೇ ನುಗ್ಗುತ್ತದೆ. ಆಗ ಉಗ್ರ ಸ್ವಭಾವದ ಆಮ್ಲಜನಕದ ಕಣಗಳು ಹುಟ್ಟಿ ಪೊರೆಯ ಕೊಬ್ಬಿಗೆ ತಗುಲುತ್ತವೆ. ಕೆಟ್ಟ ಒಂದು ಕೊಬ್ಬು ಪಕ್ಕದ್ದನ್ನೂ ಕೆಡಿಸುತ್ತದೆ, ಬಣವೆಗೆ ಬೆಂಕಿ ಬಿದ್ದ ಹಾಗೆ. ಡಾಕ್ಟರುಗಳು ಇದನ್ನು ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತಾರೆ.

ತಣ್ಣಗಿಟ್ಟ ಹೊತ್ತು ಹೆಚ್ಚಿದಷ್ಟೂ ಈ ಪೆಟ್ಟು ಹೆಚ್ಚು. ಆಂಬುಲೆನ್ಸ್ ನಿಮಿಷ ಎಣಿಸುವುದು ಅದಕ್ಕೇ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸೌದರ್ಡ್ ತಯಾರಿಸಿದ ದ್ರಾವಣ ಬಂದ ಮೇಲೆ ಲಿವರನ್ನು ಮೊದಲಿಗಿಂತ ಹೆಚ್ಚು ಹೊತ್ತು ಕಾಪಾಡಲು ಸಾಧ್ಯವಾಯಿತು. ಅದರಲ್ಲೂ ಗ್ಲುಟಾಥಿಯೋನ್ ಇದೆ.

ಈಗ ನನ್ನ ತಮ್ಮನ ವಿಷಯ. ಅವರಿಬ್ಬರ ಆಪರೇಷನ್ ಒಂದೇ ಆಸ್ಪತ್ರೆಯಲ್ಲಿ ಆಗುವುದಿತ್ತು, ಸಾಗಿಸುವ ದೂರ ಇರಲಿಲ್ಲ. ಆದರೂ ಕೊಬ್ಬು ತುಂಬಿದ ಲಿವರ್ ಈ ಪೆಟ್ಟನ್ನು ತಾಳುವುದು ಕಡಿಮೆ. ಉಬ್ಬಿದ ಜೀವಕೋಶಗಳು ಸಣ್ಣ ರಕ್ತದ ದಾರಿಗಳನ್ನು ಒತ್ತುತ್ತವೆ. ಕೆಡುವುದಕ್ಕೆ ಕೊಬ್ಬೂ ಬೇಕಾದಷ್ಟು ಇರುತ್ತದೆ. ಮೃತರ ಲಿವರ್‌ನಲ್ಲೇ ದೊಡ್ಡ ಹನಿಗಳ ಕೊಬ್ಬು ಶೇ 30 ದಾಟಿದರೆ ಸರ್ಜನ್‌ಗಳು ಹಿಂಜರಿಯುತ್ತಾರೆ. ಬದುಕಿರುವ ದಾನಿಯಲ್ಲಿ ಇನ್ನೂ ಕಟ್ಟುನಿಟ್ಟು. ಯಾಕೆಂದರೆ ದಾನಿಯೊಳಗೆ ಉಳಿಯುವ ತುಂಡೂ ಬೆಳೆದು ಅವನನ್ನು ಉಳಿಸಬೇಕಲ್ಲ.

ಇದನ್ನು ಕೇಳಿದ ಮೇಲೆ ಅವನು ಮತ್ತೆ ಮಾತಾಡಲಿಲ್ಲ. ದಿನಾ ನಸುಕಿನಲ್ಲಿ ಹೊಲದವರೆಗೆ ನಡೆದು ಬರುತ್ತಿದ್ದ. ಮಿರ್ಚಿ ಭಜಿ, ಸಕ್ಕರೆ ಚಹಾ, ಬಾಟಲಿ ಪಾನಕ ಎಲ್ಲಾ ಬಿಟ್ಟ. ವಾರಕ್ಕೊಮ್ಮೆ ಗೊಬ್ಬರದ ಅಂಗಡಿಯ ತೂಕದ ಮೇಲೆ ನಿಲ್ಲುತ್ತಿದ್ದ. ಅತ್ತೆ ಒಂದು ಕಡೆ ಗಂಡ ಸೊರಗುವುದನ್ನೂ ಇನ್ನೊಂದು ಕಡೆ ಮಗ ಸೊರಗುವುದನ್ನೂ ನೋಡುತ್ತಿದ್ದರು. ನಡುವೆ ಎರಡು ಸಲ ಮಾವನ ಹೊಟ್ಟೆಯ ನೀರು ತೆಗೆಸಬೇಕಾಯಿತು. ಹತ್ತು ವಾರಕ್ಕೆ 9 ಕಿಲೋ ಇಳಿದಿತ್ತು. ಮತ್ತೆ ಸ್ಕ್ಯಾನ್ ಮಾಡಿದ ಡಾಕ್ಟರು ಸರಿ ಅಂದರು. ಆಪರೇಷನ್ ಆಯಿತು, ಇಬ್ಬರೂ ಮನೆಗೆ ಬಂದರು.

ಮಾವ ಬಂದ ಮೇಲೆ ನೋಡಲು ಬಂದವರ ಕೈಯಲ್ಲಿ ಡಬ್ಬಿಗಳೂ ಬಂದವು. ಒಂದರ ಮೇಲೆ ‘ಆಂಟಿಆಕ್ಸಿಡೆಂಟ್’, ಇನ್ನೊಂದರ ಮೇಲೆ ‘ಒಮೆಗಾ-3’. ಎರಡೂ ವಿಜ್ಞಾನದ ಮಾತುಗಳೇ. ಅಗಸಿಯಲ್ಲಿರುವ ಒಮೆಗಾ-3ಯಿಂದ ಮೆದುಳಿಗೆ, ಕಣ್ಣಿಗೆ ಬೇಕಾದ ಡಿಎಚ್‌ಎ ತಯಾರಿಸುವುದು ಮುಖ್ಯವಾಗಿ ಲಿವರ್. ಲಿವರ್ ಗಟ್ಟಿಯಾದವರ ರಕ್ತದಲ್ಲಿ ಅದು ಕಡಿಮೆ ಇರುತ್ತದೆ. ಕಸಿ ಆದವರಿಗೆ ಮೀನೆಣ್ಣೆಯ ಕೊಬ್ಬನ್ನು ಡ್ರಿಪ್ಪಿನಲ್ಲಿ ಕೊಟ್ಟು ನೋಡಿದ ಅಧ್ಯಯನಗಳೂ ಇವೆ. ಆದರೆ ಅದು ಆಸ್ಪತ್ರೆಯೊಳಗೆ ಡಾಕ್ಟರ ಕಣ್ಣೆದುರು ಆಗುವ ಕೆಲಸ, ಅಂಗಡಿಯ ಡಬ್ಬಿಯದಲ್ಲ.

ಕಸಿ ಆದವರು ಟ್ಯಾಕ್ರೊಲಿಮಸ್‌ನಂಥ ಮಾತ್ರೆ ನುಂಗುತ್ತಾರೆ. ಮೈಯ ರೋಗನಿರೋಧಕ ಶಕ್ತಿ ಹೊಸ ಲಿವರ್ ಮೇಲೆ ಬೀಳದಂತೆ ತಡೆಯುವುದು ಅದರ ಕೆಲಸ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಅನ್ನುವ ಪುಡಿ, ಕಷಾಯ ಅದಕ್ಕೆ ಎದುರು ನಿಲ್ಲಬಹುದು. ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್‌ಗೆ ಪೆಟ್ಟಾದ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಹೊಸ ಲಿವರ್ ಇಟ್ಟುಕೊಂಡವರು ಆ ಜಗಳ ತೀರುವವರೆಗೆ ಕಾದು ನೋಡುವುದೇ ಮೇಲು. ಚಕ್ಕೋತದ ಜಾತಿಯ ಹಣ್ಣು ಕೂಡ ರಕ್ತದಲ್ಲಿ ಈ ಮಾತ್ರೆಯ ಪ್ರಮಾಣ ಏರಿಸಬಹುದು.

ನಮ್ಮ ಮನೆಯಲ್ಲಿ ಈಗ ನಿಯಮ ಒಂದೇ. ಆಸ್ಪತ್ರೆಗೆ ಫೋನ್ ಮಾಡಿ ಕೇಳದೆ ಯಾವ ಡಬ್ಬಿಯೂ ತೆರೆಯುವುದಿಲ್ಲ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಾತ್ರೆ ತಪ್ಪುವುದಿಲ್ಲ. ಮಾವ ಅಗಸಿ ಚಟ್ನಿ ಕೇಳಿದಾಗ ಅಲ್ಲಿನ ಡಯೆಟಿಶಿಯನ್‌ರನ್ನೇ ಕೇಳಿದೆವು. ಊಟದ ಜೊತೆ ಸ್ವಲ್ಪ ಆಗಬಹುದು, ಹಳತು ಬೇಡ ಅಂದರು. ಅತ್ತೆ ಈಗ ಒಂದು ವಾರಕ್ಕೆ ಆಗುವಷ್ಟೇ ಕುಟ್ಟುತ್ತಾರೆ.

ನಿಮ್ಮಲ್ಲಿ ಯಾರಿಗಾದರೂ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಅಂತ ಬಂದಿದ್ದರೆ, ನಾನು ಕುಡಿಯುವುದಿಲ್ಲವಲ್ಲ ಅಂತ ಅದನ್ನು ಮಡಚಿಡಬೇಡಿ. ನನ್ನ ತಮ್ಮನೂ ಕುಡಿಯುವವನಲ್ಲ. ಅವನ ಲಿವರ್‌ನ ಕೊಬ್ಬು ಇಳಿಯಲು ಹತ್ತು ವಾರ ಬೇಕಾಯಿತು, ಮಾವ ಅಷ್ಟು ದಿನ ತಾಳಿದರು. ಅಷ್ಟು ದಿನ ಎಲ್ಲರಿಗೂ ಸಿಗುವುದಿಲ್ಲ.