ಬಿರುಕು ಬಿಟ್ಟ ಗಾಜು, ಬೀದರ್‌ನ ದಾರಿ

ಬೀದರ್ ಎಂದೊಡನೆ ನೆನಪಿಗೆ ಬರುವುದು ಬಹಮನಿ ಸುಲ್ತಾನರ ಕೋಟೆ, ಬಿದ್ರಿ ಕಲೆ ಮತ್ತು ಮಹಮೂದ್ ಗವಾನನ ಮದರಸಾ. 1472ರಲ್ಲಿ ಮುಗಿದ ಈ ವಿದ್ಯಾಲಯದ ಎದುರು ನಿಂತು ಕತ್ತೆತ್ತಿ ನೋಡಿದರೆ, ಉಳಿದಿರುವ ಮಿನಾರಿನ ಮೇಲೆ ಬಣ್ಣದ ಬಿಲ್ಲೆಗಳ ತುಣುಕುಗಳು ಇಂದಿಗೂ ಹೊಳೆಯುತ್ತವೆ. ಆ ಹೊಳಪು ಗಾಜಿನದು. ಸುಟ್ಟ ಮಣ್ಣಿನ ಬಿಲ್ಲೆಯ ಮೇಲೆ ಬಣ್ಣದ ಗಾಜನ್ನು ಕರಗಿಸಿ ಹೊದಿಸಿದ ತೆಳುವಾದ ಪದರ ಅದು. ಹದಿನೇಳನೇ ಶತಮಾನದ ಕೊನೆಗೆ ಕಟ್ಟಡದ ಒಂದು ಭಾಗ ಮದ್ದಿನ ಸ್ಫೋಟದಲ್ಲಿ ಉರುಳಿತು. ಉಳಿದ ಕಡೆ ಬಿಸಿಲು, ಮಳೆಗಳು ಶತಮಾನಗಳ ಕಾಲ ನಿಧಾನವಾಗಿ ತಮ್ಮ ಕೆಲಸ ಮಾಡಿದವು.

ಗಾಜು ಹಾಳಾಗುವುದು ಹೀಗೆ ಎರಡು ರೀತಿಯಲ್ಲಿ. ಒಂದೇ ಏಟಿಗೆ, ಇಲ್ಲವೇ ದಿನಕ್ಕಿಷ್ಟು ಎಂಬಂತೆ. ಬೀದರ್‌ನಿಂದ ಭಾಲ್ಕಿಗೆ, ಔರಾದಿಗೆ ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಕಾರು, ಜೀಪು, ಶಾಲಾ ವಾಹನಗಳ ಕಿಟಕಿಗಳಿಗೂ ಇದೇ ಮಾತು ಸಲ್ಲುತ್ತದೆ.

ಕೆಂಪು ನೆಲ, ಕಪ್ಪು ನೆಲ

ಬೀದರ್ ನಗರ ನಿಂತಿರುವುದು ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಮೇಲೆ. ಊರು ಬಿಟ್ಟು ಇಳಿಜಾರು ದಾಟಿದರೆ ಎರೆಭೂಮಿ. ಭಾಲ್ಕಿ, ಔರಾದ್ ಎರಡೂ ತಾಲ್ಲೂಕುಗಳಲ್ಲಿ ಹೆಚ್ಚಿನದು ಕಪ್ಪು ನೆಲವೇ. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ರಸ್ತೆಯೂ ಜೊತೆಯಲ್ಲಿಯೇ ಏಳುತ್ತದೆ, ಕುಸಿಯುತ್ತದೆ. ಡಾಂಬರು ಕಿತ್ತು ಖಡಿ ಮೇಲಕ್ಕೆ ಬಂದಾಗ ಮುಂದಿನ ಲಾರಿಯ ಗಾಲಿಗೆ ಸಿಕ್ಕ ಒಂದು ಕಲ್ಲು ಸಾಕು. ಹಿಂದೆ ಬರುವ ಕಾರಿನ ಗಾಜಿನ ಮೇಲೆ ನಕ್ಷತ್ರದಂಥ ಗುರುತು ಮೂಡುತ್ತದೆ.

ಆ ಗುರುತು ನಾಣ್ಯಕ್ಕಿಂತ ಚಿಕ್ಕದಿದ್ದು, ಚಾಲಕನ ಕಣ್ಣಿಗೆ ನೇರವಾಗಿಲ್ಲದೆ, ಅಂಚಿನಿಂದ ದೂರವಿದ್ದರೆ ಸಾಮಾನ್ಯವಾಗಿ ಅದನ್ನು ಉಳಿಸಿಕೊಳ್ಳಬಹುದು. ಒಳಗಿನ ಗಾಳಿಯನ್ನು ಹೊರತೆಗೆದು ಅಂಟುದ್ರವ ತುಂಬಿ ಗಟ್ಟಿಗೊಳಿಸುತ್ತಾರೆ. ಆದರೆ ಅಲ್ಲಿಯವರೆಗೆ ಧೂಳು, ನೀರು ಸೇರದಂತೆ ಪಾರದರ್ಶಕ ಟೇಪು ಅಂಟಿಸಿಡಬೇಕು. ಧೂಳು ಕುಳಿತ ಬಿರುಕಿನೊಳಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಇಲ್ಲಿಯ ಬೇಸಿಗೆ ಇನ್ನೊಂದು ಶತ್ರು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬಯಲಲ್ಲಿ ನಿಂತು ಕಾದ ಗಾಡಿಯ ಮೇಲೆ ಒಂದು ಕೊಡ ತಣ್ಣೀರು ಸುರಿದರೆ ಗಾಜಿನ ಹೊರಮೈ ಥಟ್ಟನೆ ಕುಗ್ಗುತ್ತದೆ, ಒಳಮೈ ಇನ್ನೂ ಹಿಗ್ಗಿಯೇ ಇರುತ್ತದೆ. ಈ ಎಳೆದಾಟದಲ್ಲಿ ನಿನ್ನೆಯ ಚಿಕ್ಕ ಚುಕ್ಕೆ ಇಂದು ಗೇಣುದ್ದದ ಗೆರೆಯಾಗುತ್ತದೆ. ಗಾಡಿಯನ್ನು ನೆರಳಿಗೆ ತಂದು, ಆರಲು ಬಿಟ್ಟು, ಆಮೇಲೆ ತೊಳೆಯುವುದೇ ಸರಿಯಾದ ಕ್ರಮ.

ಕಾಚವೇ ಗಾಜು

ಬೀದರ್‌ನಿಂದ ಸುಮಾರು 40 ಕಿ.ಮೀ. ದೂರದ ಭಾಲ್ಕಿ, ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಊರು. ಕನ್ನಡ, ಉರ್ದು, ಮರಾಠಿ ಮೂರೂ ಕಿವಿಗೆ ಬೀಳುವ ಈ ಸೀಮೆಯಲ್ಲಿ ಕಾರಿನ ಕಿಟಕಿಗೂ ಎರಡು ಹೆಸರು. ಕನ್ನಡದಲ್ಲಿ ಗಾಜು, ಉರ್ದು ಮರಾಠಿಗಳಲ್ಲಿ ಕಾಚ್. ಸಂಸ್ಕೃತದ ‘ಕಾಚ’ದ ತದ್ಭವವೇ ‘ಗಾಜು’ ಎಂದು ವ್ಯಾಕರಣ ಓದಿದ ವಿದ್ಯಾರ್ಥಿಗಳಿಗೆ ಗೊತ್ತು.

ಹೆಸರು ಯಾವುದಾದರೂ ಇರಲಿ, ಗಾಡಿಯಲ್ಲಿರುವ ಗಾಜು ಮಾತ್ರ ಒಂದೇ ಬಗೆಯದಲ್ಲ. ಮುಂದಿನದು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಒತ್ತಿದ ‘ಲ್ಯಾಮಿನೇಟೆಡ್’ ಗಾಜು. ಒಡೆದರೂ ಚೂರುಗಳು ಪೊರೆಗೆ ಅಂಟಿಕೊಂಡು ನಿಲ್ಲುತ್ತವೆ. ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಎಂಬಾತನಿಗೆ 1903ರಲ್ಲಿ ಕೈತಪ್ಪಿ ಬಿದ್ದ ಗಾಜಿನ ಪಾತ್ರೆಯೊಂದು ಚೂರಾಗದೆ ಉಳಿದಾಗ ಇದರ ಕಲ್ಪನೆ ಹೊಳೆಯಿತೆನ್ನುತ್ತಾರೆ. ಪಾತ್ರೆಯ ಒಳಗೋಡೆಗೆ ಒಣಗಿದ ರಾಸಾಯನಿಕದ ಪೊರೆ ಅಂಟಿತ್ತಂತೆ.

ಪಕ್ಕದ ಕಿಟಕಿಗಳದು ಸಾಮಾನ್ಯವಾಗಿ ‘ಟಫನ್ಡ್’ ಗಾಜು. ಸುಮಾರು 600 ಡಿಗ್ರಿಗೂ ಮೇಲೆ ಕಾಯಿಸಿ, ಗಾಳಿ ಊದಿ ಥಟ್ಟನೆ ತಣಿಸಿ ಮಾಡಿದ್ದು. ಒಡೆದರೆ ಚೂಪಾದ ಚೂರುಗಳ ಬದಲು ಕಲ್ಲುಸಕ್ಕರೆಯ ಹರಳಿನಂಥ ತುಂಡುಗಳಾಗಿ ಉದುರುತ್ತದೆ. ಇದಕ್ಕೆ ರಿಪೇರಿ ಇಲ್ಲ, ಹೊಸದೇ ಬೇಕು. ಹೀಗೆ ಒಡೆದ ಗಾಡಿಯಲ್ಲಿ ಮಕ್ಕಳನ್ನು ಕೂರಿಸುವ ಮೊದಲು ಸೀಟಿನ ಸಂದುಗಳನ್ನೂ ಕಾಲಡಿಯನ್ನೂ ಪೂರ್ತಿ ಗುಡಿಸಬೇಕು.

ಮಾಂಜ್ರಾ ದಾಟಿ ಔರಾದಿಗೆ

ಬೀದರ್‌ನಿಂದ ಹೊರಡುವ ಇನ್ನೊಂದು ರಸ್ತೆ ಜನವಾಡ ಹಾಯ್ದು, ಕೌಠಾ ಬಳಿ ಮಾಂಜ್ರಾ ನದಿ ದಾಟಿ, ಸಂತಪುರದ ಮೂಲಕ ಔರಾದಿಗೆ ಹೋಗುತ್ತದೆ. ಅಮರೇಶ್ವರನ ಈ ಊರು ಕರ್ನಾಟಕದ ಉತ್ತರದ ತುದಿಯ ತಾಲ್ಲೂಕು ಕೇಂದ್ರ. ಇಂಥ ದೂರದ ಊರುಗಳಲ್ಲಿ ಗಾಜಿನ ವಿಷಯ ಬಂದಾಗ ಕೇಳುವ ಮಾತು ಒಂದೇ: ‘ಮುಂದಿನ ಸಲ ಬೀದರಕ್ಕ ಹೋದಾಗ ನೋಡೂಣು ತಗೋರಿ.’ ಗಾಜು ಮಾತ್ರ ಮುಂದಿನ ಸಲಕ್ಕೆ ಕಾಯುವುದಿಲ್ಲ. ಬಿರುಕು ಅಂಚು ಮುಟ್ಟಿತೆಂದರೆ ಸಣ್ಣ ಖರ್ಚಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಇಡೀ ಗಾಜಿನ ಬೆಲೆ ತೆರಬೇಕಾಗುತ್ತದೆ. ಸಂಜೆಯ ಬಿಸಿಲು ಎದುರಿಗೆ ಬಂದಾಗ ಆ ಬಿರುಕೇ ಬೆಳಕನ್ನು ಚದುರಿಸಿ ಚಾಲಕನ ಕಣ್ಣು ಕಟ್ಟುತ್ತದೆ.

ಒಡೆಯದಿದ್ದರೂ ಕೆಡುವ ಕಿಟಕಿಗಳುಂಟು. ಎರೆಮಣ್ಣಿನ ನುಣ್ಣನೆಯ ಧೂಳು ಬಾಗಿಲಿನ ರಬ್ಬರ್ ಗಾಡಿಯಲ್ಲಿ ಕೂತು ಗಾಜು ಏರದಂತೆ, ಇಳಿಯದಂತೆ ಹಿಡಿಯುತ್ತದೆ. ಆಗ ಬಲವಂತದಿಂದ ಹಿಡಿಕೆ ತಿರುಗಿಸಿದರೆ ಒಳಗಿನ ಯಂತ್ರವೇ ಮುರಿಯುತ್ತದೆ. ರಬ್ಬರಿನ ಸಂದನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಎಷ್ಟೋ ಸಲ ಕಿಟಕಿ ತಾನಾಗಿ ಸಡಿಲವಾಗುತ್ತದೆ.

ಇದನ್ನು ಚಿಕ್ಕ ತೊಂದರೆ ಎಂದು ಬಿಡುವಂತಿಲ್ಲ. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಒಳಗಿನ ಕಾವನ್ನು ಹೊರಗೆ ಬಿಡದು. ಮುಚ್ಚಿದ ಕಾರಿನಲ್ಲಿ ಹತ್ತೇ ನಿಮಿಷಕ್ಕೆ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಔರಾದಿನ ಬೇಸಿಗೆಯಲ್ಲಿ ‘ಐದು ನಿಮಿಷ ಇಲ್ಲೇ ಕೂಡು, ಬಂದೆ’ ಎಂದು ಮಗುವನ್ನು ಒಳಗೆ ಬಿಟ್ಟು ಅಂಗಡಿಗೆ ಹೋಗುವುದು ಪ್ರಾಣಕ್ಕೇ ಎರವಾದೀತು. ಕಿಟಕಿ ಇಳಿಯದ ಗಾಡಿಯಲ್ಲಂತೂ ಮಗುವಿಗೆ ತಾನಾಗಿ ಪಾರಾಗುವ ದಾರಿಯೂ ಇರುವುದಿಲ್ಲ.

ಪಾಲಕರು ನೋಡಬೇಕಾದದ್ದು

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ವಾಹನಗಳಿಗೆ ಸುರಕ್ಷಾ ಗಾಜನ್ನು ಇಲ್ಲವೇ ಸುರಕ್ಷಾ ಗ್ಲೇಜಿಂಗನ್ನು ಕೇಳುತ್ತದೆ. ಮುಂದಿನ, ಹಿಂದಿನ ಗಾಜುಗಳ ಮೂಲಕ ಕನಿಷ್ಠ ಶೇ. 70ರಷ್ಟು, ಪಕ್ಕದವುಗಳ ಮೂಲಕ ಶೇ. 50ರಷ್ಟು ಬೆಳಕು ಹಾಯಬೇಕು. ಹೊಸ ಗಾಜು ಕೊಳ್ಳುವಾಗ ಮೂಲೆಯಲ್ಲಿ ಐಎಸ್‌ಐ ಗುರುತು ಹಾಗೂ ಐಎಸ್ 2553 ಎಂಬ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು. ಅಂಟು ಹಾಕಿ ಕೂರಿಸಿದ ಗಾಜಾದರೆ ಮೆಕ್ಯಾನಿಕ್ ಹೇಳಿದಷ್ಟು ಹೊತ್ತು ಗಾಡಿ ಓಡಿಸಬಾರದು, ಬಾಗಿಲನ್ನು ಜೋರಾಗಿ ಬಡಿಯಬಾರದು. ಮೂರನೆಯವರ ಹೊಣೆಗಷ್ಟೇ ಮಾಡಿಸಿದ ವಿಮೆಯಲ್ಲಿ ಸ್ವಂತ ಗಾಡಿಯ ಗಾಜಿಗೆ ಪರಿಹಾರ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಶಾಲೆಯ ವಾಹನಕ್ಕೆ ಮಗುವನ್ನು ಹತ್ತಿಸುವ ತಂದೆ ತಾಯಿ ವಾರಕ್ಕೊಮ್ಮೆ ಅದರ ಸುತ್ತ ಒಂದು ಸುತ್ತು ಬರಲಿ. ಮುಂದಿನ ಗಾಜಿನಲ್ಲಿ ಗೆರೆ ಇದೆಯೇ, ಕಿಟಕಿಗಳು ಇಳಿಯುತ್ತವೆಯೇ ಎಂದು ಚಾಲಕರನ್ನು ಕೇಳಲಿ. ಕಿಟಕಿ ಪಕ್ಕ ಕೂರುವ ಮಕ್ಕಳೂ ಕಂಡ ಬಿರುಕನ್ನು ಅಂದೇ ಹೇಳುವುದನ್ನು ಕಲಿಯಲಿ. ಎರಡು ನಿಮಿಷದ ಈ ಕೆಲಸಕ್ಕೆ ಬೀದರ್‌ಗೆ ಹೋಗಬೇಕಾಗಿಲ್ಲ, ಮನೆಯ ಅಂಗಳವೇ ಸಾಕು.