ಅಪಸ್ಮಾರದ ನಾಯಿಯೂ ಶ್ರಾವಕರ ಅಡಿಗೆಮನೆಯೂ

ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ಬಂಧ, ವಧ, ಛೇದ, ಅತಿಭಾರಾರೋಪಣಗಳ ಜೊತೆಗೆ ಅನ್ನಪಾನನಿರೋಧವನ್ನೂ ಸೇರಿಸಿದ್ದಾರೆ. ಸಾಕಿದ ಪ್ರಾಣಿಗೆ ಹೊತ್ತಿಗೆ ಸಲ್ಲಬೇಕಾದುದನ್ನು ಸಲ್ಲಿಸದಿರುವುದೂ ದೋಷವೇ ಆಗಿರುತ್ತದೆ. ಸಿ.ವಿ. ರಾಮನ್ ನಗರದಲ್ಲಿ ನಮ್ಮ ಬೀದಿಯ ಶ್ರಾವಕ ಕುಟುಂಬವೊಂದರಲ್ಲಿ ಎದ್ದ ಜಿಜ್ಞಾಸೆಯನ್ನು ಈ ಬೆಳಕಿನಲ್ಲಿ ವಿವೇಚಿಸಬೇಕೆನಿಸಿತು.

ಅವರ ನಾಯಿಗೆ ಅಪಸ್ಮಾರ. ಪಶುವೈದ್ಯರು ಹನ್ನೆರಡು ಗಂಟೆಗೊಮ್ಮೆ ಫಿನೋಬಾರ್ಬಿಟಾಲ್ ಮಾತ್ರೆಯನ್ನೂ ಜೊತೆಗೆ ಪೊಟ್ಯಾಸಿಯಂ ಬ್ರೋಮೈಡನ್ನೂ ವಿಧಿಸಿದ್ದರು. ಮೆದುಳಿಗೆ ಹಿತವೆಂದು ಯಾರೋ ಹೇಳಿದ ಮೇಲೆ ಮೊಮ್ಮಗ ಮೀನೆಣ್ಣೆಯ ಡಬ್ಬಿ ತಂದ. ಅಜ್ಜಿ ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ. "ನಾಯಿಯದೂ ಜೀವವಲ್ಲವೇ ಅಜ್ಜೀ?" ಎಂದು ಹುಡುಗ; "ಮೀನಿನದು ಅಲ್ಲವೇನೋ?" ಎಂದು ಅವರು.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಲಾಭವೇ ಸಿದ್ಧವಾಗದ ಸರಕಿಗೆ ಬೆಲೆ ತೆರುವವನು ವ್ಯಾಪಾರಿಯೂ ಅಲ್ಲ. ಇಂತಹ ಹದಿನೈದು ನಾಯಿಗಳಿಗೆ ಮೇದಾಮ್ಲಗಳನ್ನು ಕೊಟ್ಟು ನೋಡಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೆಳವುಗಳು ಕಡಿಮೆಯಾಗಲಿಲ್ಲ. ಹೀಗಿರುವಾಗ ಪಂಚೇಂದ್ರಿಯ ಜೀವದ ವಧೆಗೆ ಅನುಮೋದನೆ ಏಕೆ? ಕ್ಯಾಪ್ಸೂಲಿನ ಹೊದಿಕೆಯೂ ಬಹುತೇಕ ಜೆಲಾಟಿನ್.

ತೆಂಗು, ತಾಳೆಗಳಿಂದ ಬೇರ್ಪಡಿಸುವ ಎಂ.ಸಿ.ಟಿ. ಎಣ್ಣೆಯ ಸಂಗತಿ ಬೇರೆ. ಮೆದುಳಿಗೆ ಇದರಿಂದ ಇನ್ನೊಂದು ಬಗೆಯ ಇಂಧನ ದೊರೆಯುತ್ತದೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಎಣ್ಣೆಯುಳ್ಳ ಆಹಾರವನ್ನು ತಿಂದ 21 ನಾಯಿಗಳ ಪೈಕಿ ಮೂರಕ್ಕೆ ಸೆಳವು ನಿಂತೇಹೋಯಿತು; ಹಲವಕ್ಕೆ ಕಡಿಮೆಯಾಯಿತು; ಕೆಲವಕ್ಕೆ ಏನೂ ಆಗಲಿಲ್ಲ. ಎಲ್ಲವೂ ಮಾತ್ರೆಯನ್ನು ಬಿಡದೆಯೇ. ಅಡಿಗೆಯ ಕೊಬ್ಬರಿ ಎಣ್ಣೆ ಇದಕ್ಕೆ ಬದಲಾಗದು. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲವೇ. ಮೇದೋಜೀರಕ ಗ್ರಂಥಿ ದುರ್ಬಲವಾದ ನಾಯಿಗೆ ಜಿಡ್ಡೇ ಅಪಾಯ. ವೈದ್ಯರನ್ನು ಕೇಳದೆ ಒಂದು ಚಮಚವನ್ನೂ ಹಾಕಬಾರದು.

ನಮ್ಮ ಮನೆಗಳಲ್ಲಿ ಇದಕ್ಕಿಂತ ಗಮನಿಸಬೇಕಾದುದು ಉಪ್ಪು. ಬ್ರೋಮೈಡನ್ನು ಮೂತ್ರಪಿಂಡವು ಉಪ್ಪಿನ ಕ್ಲೋರೈಡಿನೊಡನೆ ಸೇರಿಸಿಯೇ ಹೊರಹಾಕುತ್ತದೆ. ದಶಲಕ್ಷಣ ಪರ್ವದಲ್ಲಿ ರಸಪರಿತ್ಯಾಗವೆಂದು ಉಪ್ಪು ಬಿಟ್ಟ ಮನೆಯವರು ಅದೇ ಸಪ್ಪೆ ಅನ್ನವನ್ನು ದಿನಗಟ್ಟಲೆ ನಾಯಿಗೂ ಬಡಿಸಿದರೆ ಔಷಧ ರಕ್ತದಲ್ಲಿ ಶೇಖರವಾಗುತ್ತದೆ. ನಾಯಿ ಮಂಕಾಗುತ್ತದೆ, ಹಿಂಗಾಲು ತೂರಾಡುತ್ತದೆ. ಪಾರಣೆಯ ದಿನ ಖಾರದ ತಿಂಡಿ, ಹಪ್ಪಳಗಳನ್ನು ಎಸೆಯತೊಡಗಿದರೆ ಔಷಧ ಹರಿದುಹೋಗಿ ಸೆಳವು ಮರಳೀತು. ವರ್ಷವಿಡೀ ಅದರ ಆಹಾರದ ಉಪ್ಪು ಒಂದೇ ಸಮ ಇರತಕ್ಕದ್ದು. ತ್ಯಾಗ ಸಂಕಲ್ಪ ಮಾಡಿದವರದು. ಸಂಕಲ್ಪವಿಲ್ಲದ ಮೂಕಪ್ರಾಣಿಯ ಮೇಲೆ ಹೇರಿದರೆ ಅದು ಸೂತ್ರಕಾರರು ಹೇಳಿದ ನಿರೋಧವೇ ಸರಿ.

ರಾತ್ರಿಭೋಜನ ತ್ಯಾಗದ ಮಾತೂ ಹೀಗೆಯೇ. ಫಿನೋಬಾರ್ಬಿಟಾಲನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಮೇಲೊಂದು ಸೆಳವು ಬಂದು ಪ್ರಾಣವೇ ಹೋಗಬಹುದು. ಆ ಮನೆಯಲ್ಲಿ ಈಗ ಬೆಳಿಗ್ಗೆ ಆರು, ಸಂಜೆ ಆರು ಎಂದು ಗೊತ್ತುಮಾಡಿದ್ದಾರೆ. ಡಿಸೆಂಬರಿನ ಆರಂಭದಲ್ಲಿ ಆರಕ್ಕೆ ಮುಂಚೆಯೇ ಹೊತ್ತು ಮುಳುಗಿದರೂ ಮಾತ್ರೆಯ ವೇಳೆ ಬದಲಾಗುವುದಿಲ್ಲ. ಕೊಡುವವರು ಅಜ್ಜಿಯೇ.